ತಡೆಹಿಡಿಯತಕ್ಕದ್ದು

ಅವರ ಹೆಸರನ್ನು ನಾನು ಬರೆಯುವುದಿಲ್ಲ. ನನ್ನ ಹೆಸರನ್ನು ಅವರು ಹದಿನೇಳು ಸಲ ಬರೆದಿದ್ದರು. ಹಾಳಾದ ಎಕ್ಸ್‌ರೇ ಫಿಲ್ಮಿನ ಮೇಲಿನ ಮೂಲೆಯಲ್ಲಿ, ಬಿಳಿ ಬಣ್ಣದ ಪೆನ್ನಿನಲ್ಲಿ, ದುಂಡಾದ ಅಕ್ಷರದಲ್ಲಿ: ರೇಣುಕಾ. ಅವರ ಅಕ್ಷರ ನಿಜಕ್ಕೂ ಚೆಂದ ಇತ್ತು. ಅವರ ಬಗ್ಗೆ ಹೇಳಬಹುದಾದ ಒಳ್ಳೆಯ ಮಾತುಗಳಲ್ಲಿ ಒಂದನ್ನು ಮೊದಲೇ ಹೇಳಿ ಮುಗಿಸಿದ್ದೇನೆ.

ಅವರು ಕಾರ್ಕಳದಲ್ಲಿ, ಮಗಳ ಮನೆಯಲ್ಲಿ, ಹೋದ ತಿಂಗಳು ತೀರಿಕೊಂಡರು. ಆಸ್ಪತ್ರೆಯ ಹಳಬರೆಲ್ಲ ಸೇರಿ ಒಂದು ನೆನಪಿನ ಪುಸ್ತಿಕೆ ಮಾಡುತ್ತಾರಂತೆ. ಫೋನ್ ಮಾಡಿದವರು, "ನೀವು ಅವರ ಕೈಕೆಳಗೆ ಅಷ್ಟು ವರ್ಷ ಇದ್ದವರಲ್ವಾ ಮೇಡಂ, ಎರಡು ಒಳ್ಳೆಯ ಮಾತು ಬರೆದು ಕೊಡಿ" ಎಂದರು.

"ಒಳ್ಳೆಯದೇ ಆಗಬೇಕಾ?" ಎಂದು ಕೇಳಿದೆ.

"ಸತ್ತವರ ಬಗ್ಗೆ ಮತ್ತೆಂತ ಬರೆಯುವುದು ಮೇಡಂ?"

ಇದು ಆ ಪುಸ್ತಿಕೆಗೆ ಆಗಲಿಕ್ಕಿಲ್ಲ. ಆದರೂ ಬರೆದಿದ್ದೇನೆ.

ಉಡುಪಿಯ ಒಂದು ಆಸ್ಪತ್ರೆ. ಅದರ ಹೆಸರೂ ಬೇಡ. ತೊಂಬತ್ತರ ದಶಕದ ಕೊನೆಯಲ್ಲಿ ನಾನು ಅಲ್ಲಿ ಎಕ್ಸ್‌ರೇ ತಂತ್ರಜ್ಞೆಯಾಗಿ ಸೇರಿದೆ. ಈಗಿನವರಿಗೆ ಹೇಳಬೇಕು: ಆಗ ಎಕ್ಸ್‌ರೇ ಅಂದರೆ ಕಂಪ್ಯೂಟರಿನ ಚಿತ್ರ ಅಲ್ಲ, ಫಿಲ್ಮು. ಕತ್ತಲೆ ಕೋಣೆಯಲ್ಲಿ ಅದನ್ನು ತಗಡಿನ ಪೆಟ್ಟಿಗೆಯಂಥ ಕ್ಯಾಸೆಟ್ಟಿಗೆ ತುಂಬಬೇಕು, ರೋಗಿಯ ಎದೆಗೋ ಕಾಲಿಗೋ ಒತ್ತಿ ಹಿಡಿದು ತೆಗೆಯಬೇಕು, ಮತ್ತೆ ಕತ್ತಲೆಗೆ ಒಯ್ದು ಎರಡು ಮದ್ದಿನ ನೀರಿನಲ್ಲಿ ಅದ್ದಿ ತೊಳೆದು ಒಣಗಿಸಬೇಕು. ರೋಗಿ ಒಂದು ಚೂರು ಅಲುಗಿದರೆ ಫಿಲ್ಮು ಹೋಯಿತು. ಮತ್ತೊಂದು ಫಿಲ್ಮು, ರೋಗಿಯ ಮೈಗೆ ಮತ್ತೊಮ್ಮೆ ಕಿರಣ, ಹೊರಗಿನ ಬೆಂಚಿನಲ್ಲಿ ಕೂತವರಿಗೆ ಮತ್ತೆ ಅರ್ಧ ಗಂಟೆ.

ಅವರು ಅಲ್ಲಿಯ ಮುಖ್ಯಸ್ಥರು. ಎಲ್ಲರೂ 'ದೊಡ್ಡವರು' ಎನ್ನುತ್ತಿದ್ದರು, ನಾನೂ ಹಾಗೆಯೇ ಎನ್ನುತ್ತೇನೆ. ಮನೆ ಕಡಿಯಾಳಿಯಲ್ಲಿ. ಬಿಳಿಯ ತುಂಬುತೋಳಿನ ಅಂಗಿ, ಅದರ ತೋಳಿನ ತುದಿಯಲ್ಲಿ ಮದ್ದಿನ ನೀರಿನ ಕಂದು ಕಲೆ. ಕಿಸೆಯಲ್ಲಿ ಪೆನ್ನು ಸಿಕ್ಕಿಸುವ ಕಡೆ ಫಿಲ್ಮು ಹಿಡಿಯುವ ಕ್ಲಿಪ್ಪು. ಒದ್ದೆ ಫಿಲ್ಮನ್ನು ಎತ್ತಿ ಟ್ಯೂಬ್‌ಲೈಟಿಗೆ ಹಿಡಿದು ನೋಡಿ ಮಾತಿಗಿಂತ ಮೊದಲು ನಾಲಿಗೆಯನ್ನು ಲೊಚಕ್ ಅನ್ನಿಸುತ್ತಿದ್ದರು. ಒಂದು ಲೊಚಕ್ ಆದರೆ ಪಾಸು. ಎರಡಾದರೆ ಹಾಳು. ಎರಡನೆಯ ಲೊಚಕ್ ಬರುತ್ತದೋ ಇಲ್ಲವೋ ಎಂದು ಕಾಯುವ ಆ ಅರೆಕ್ಷಣ ಇವತ್ತಿಗೂ ನನ್ನ ಹೊಟ್ಟೆಯಲ್ಲಿ ಉಂಟು.

ಉಳಿತಾಯದಲ್ಲಿ ಅವರನ್ನು ಮೀರಿಸುವವರಿರಲಿಲ್ಲ. ಅದನ್ನು ಹೇಳದಿದ್ದರೆ ನನ್ನ ಮಾತಿಗೆ ಬೆಲೆ ಇರುವುದಿಲ್ಲ. ಎರಡು ಕೈಗೆ ಎರಡು ಫಿಲ್ಮು ಅವರು ಕೊಟ್ಟವರಲ್ಲ. ಅರ್ಧಕ್ಕೆ ಸೀಸದ ಹಾಳೆ ಮುಚ್ಚಿ ಒಂದು ಕೈ, ತಿರುಗಿಸಿ ಮತ್ತೊಂದು ಕೈ. ಫಿಲ್ಮುಗಳ ನಡುವೆ ಬರುವ ಹಳದಿ ಕಾಗದವನ್ನೂ ಬಿಸಾಡುತ್ತಿರಲಿಲ್ಲ, ಮಡಚಿ ಲಕೋಟೆ ಮಾಡಿಸಿ ಮದ್ದಿನ ಕೌಂಟರಿಗೆ ಕಳಿಸುತ್ತಿದ್ದರು. "ಫಿಲ್ಮ್ ಅಂದ್ರೆ ಬೆಳ್ಳಿ ಮಾರಾಯ್ತಿ. ಇದರ ಮೈಗೆ ಹಚ್ಚಿದ್ದು ಬೆಳ್ಳಿ. ಬೆಳ್ಳಿಯನ್ನು ಕಸದ ಬುಟ್ಟಿಗೆ ಹಾಕುವವರು ಯಾರಾದ್ರೂ ಉಂಟಾ?" ಎಂದು ಹೊಸಬರಿಗೆಲ್ಲ ಕೇಳುತ್ತಿದ್ದರು. ಮಾತು ಸುಳ್ಳಲ್ಲ.

ಒಮ್ಮೆ ಬಜಗೋಳಿಯ ಕಡೆಯಿಂದ, ತೆಂಗಿನ ಮರದಿಂದ ಬಿದ್ದವನೊಬ್ಬನನ್ನು ಜೀಪಿನಲ್ಲಿ ತಂದರು. ಮಗ್ಗುಲು ತಿರುಗಿಸುವ ಹಾಗಿಲ್ಲ. ನಾನಾದರೆ ಮೂರು ಫಿಲ್ಮು ಹಾಳುಮಾಡುತ್ತಿದ್ದೆ. ದೊಡ್ಡವರು ಅವನ ಸೊಂಟದ ಪಕ್ಕ ನೆಲಕ್ಕೆ ಮಂಡಿಯೂರಿ, ಕ್ಯಾಸೆಟ್ಟನ್ನು ಎರಡು ದಿಂಬಿನ ನಡುವೆ ನಿಲ್ಲಿಸಿ, ಯಂತ್ರವನ್ನು ಅಡ್ಡ ತಿರುಗಿಸಿ, ಅವನನ್ನು ಒಂದು ಬೆರಳಿನಷ್ಟೂ ಅಲುಗಿಸದೆ ಒಂದೇ ಫಿಲ್ಮಿನಲ್ಲಿ ಬೆನ್ನೆಲುಬನ್ನು ತೆಗೆದರು. ಆ ಕೈಗಳನ್ನು ನಾನು ರೆಪ್ಪೆ ಹೊಡೆಯದೆ ನೋಡಿದೆ. ಅವರು ನನಗೆ ಕಲಿಸಲಿಲ್ಲ. ನಾನು ಕದ್ದೆ.

ನನ್ನ ಬಗ್ಗೆಯೂ ಹೇಳಬೇಕು. ಅಪ್ಪ ಅವ್ವ ಬಾಗಲಕೋಟೆಯ ಕಡೆಯಿಂದ ಮಣಿಪಾಲಕ್ಕೆ ಕಟ್ಟಡದ ಕೆಲಸಕ್ಕೆ ಬಂದವರು. ಅಪ್ಪ ಬೇಗ ಹೋದ. ತಗಡಿನ ಶೆಡ್ಡುಗಳ ಸಾಲಿನಲ್ಲಿ ನಮ್ಮದು ಕೊನೆಯದು. ನನ್ನ ಪುಸ್ತಕಗಳಿಗೆಲ್ಲ ಸಿಮೆಂಟು ಚೀಲದ ಕಾಗದದ ಹೊದಿಕೆ, ಬಿಚ್ಚಿದರೆ ಕೈಯೆಲ್ಲ ಬೂದಿ ಬಣ್ಣ. ಶಾಲೆಯಲ್ಲಿ ಪುಸ್ತಕದ ಕನ್ನಡ, ಮನೆಯಲ್ಲಿ ನಮ್ಮ ಕಡೆಯ ಕನ್ನಡ, ನಲ್ಲಿಯ ಸಾಲಿನಲ್ಲಿ ಕೊಡ ಹಿಡಿದು ಜಗಳವಾಡುತ್ತ ತುಳು ಕಲಿತೆ. ಬಿ.ಎಸ್ಸಿ. ಮಾಡಿದೆ, ಎಕ್ಸ್‌ರೇ ತರಬೇತಿ ಮಾಡಿದೆ. ಆ ಶೆಡ್ಡುಗಳಲ್ಲಿ ಪದವಿಯ ಕಾಗದ ನೋಡಿದ ಮೊದಲ ಮನೆ ನಮ್ಮದು. ಇದನ್ನು ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ. ಯಾರೂ ಕೊಟ್ಟದ್ದಲ್ಲ ಅದು.

ದೊಡ್ಡವರು ಕಾಲೇಜು ಕಂಡವರಲ್ಲ. ನಿಂತು ನಿಂತೇ ಕಲಿತವರು. ಅದು ಅವರ ಹೆಮ್ಮೆ, ಅದು ಸರಿಯೇ. ಆದರೆ ನನ್ನ ಪದವಿ ಅವರಿಗೆ ಕಣ್ಣಲ್ಲಿ ಬಿದ್ದ ಮರಳು. ಮೊದಲ ದಿನವೇ ನನ್ನ ಹೆಸರನ್ನು ತೆಗೆದು ಬದಿಗಿಟ್ಟು 'ಬಿಎಸ್ಸಿ' ಎಂದು ಕರೆಯಲು ಶುರುಮಾಡಿದರು. "ಏನು ಬಿಎಸ್ಸಿ, ಇವತ್ತು ಎಷ್ಟು ಬೆಳ್ಳಿ ಕರಗಿಸಿದೆ?" ನನ್ನ ನಿಜವಾದ ಹೆಸರು ಅವರಿಗೆ ಬೇಕಾಗುತ್ತಿದ್ದದ್ದು ಒಂದೇ ಕಡೆ. ತೋರಣದಲ್ಲಿ.

ತೋರಣ ಅವರದ್ದೇ ಪದ್ಧತಿ. ಕತ್ತಲೆ ಕೋಣೆಯ ಹೊರಗಿನ ಓಣಿಯಲ್ಲಿ ಗೋಡೆಯಿಂದ ಗೋಡೆಗೆ ಒಂದು ತಂತಿ. ಹಾಳಾದ ಫಿಲ್ಮು ಯಾರದ್ದೋ ಅವರ ಹೆಸರು ಬರೆದು ಅದಕ್ಕೆ ಸಿಕ್ಕಿಸಬೇಕು. ಓಡಾಡುವ ನರ್ಸು, ಡಾಕ್ಟರು, ಆಯಾ, ಎಲ್ಲರೂ ಅದರ ಅಡಿಯಿಂದಲೇ ಹೋಗಬೇಕು. ತಿಂಗಳ ಕೊನೆಗೆ ಆಡಳಿತಾಧಿಕಾರಿಯ ಕೋಣೆಯಲ್ಲಿ ಅದರ ಎಣಿಕೆ. ಆ ವರ್ಷ ಗ್ರಹಣ ಬಂದಾಗ, ಸೂರ್ಯನನ್ನು ನೋಡಲು ಹಳೆ ಫಿಲ್ಮು ಬೇಕೆಂದು ಬೀದಿಯವರೆಲ್ಲ ಆಸ್ಪತ್ರೆಗೆ ಬಂದರು. ಎಲ್ಲರ ಎದುರು ಅವರು ಹೇಳಿದ್ದು: "ಅದರಲ್ಲಿ ನೋಡಿದರೆ ಕಣ್ಣು ಹೋಗ್ತದೆ. ಅಷ್ಟೂ ಬೇಕಾದರೆ ನಮ್ಮ ಬಿಎಸ್ಸಿಯನ್ನು ಕೇಳಿ, ಇಡೀ ಉಡುಪಿಗೆ ಆಗುವಷ್ಟು ಉಂಟು."

ನನಗೆ ಮೊದಲ ವರ್ಷ ಪ್ರೊಬೇಶನ್. ಕಾಯಂ ಮಾಡುವುದೋ ಕಳಿಸುವುದೋ ಎಂಬುದು ಆ ತಂತಿಯ ಮೇಲೆ ತೂಗುತ್ತಿತ್ತು. ಅವ್ವ ಒಂದು ಮಾತು ಆಡಿದ್ದಳು: "ನೀ ಕಾಯಂ ಆದ ದಿವಸ ನಾ ಬುಟ್ಟಿ ಇಳಸ್ತೀನಿ." ತಲೆಯ ಮೇಲಿನ ಜಲ್ಲಿಯ ಬುಟ್ಟಿ. ಇಪ್ಪತ್ತು ವರ್ಷದಿಂದ ಹೊತ್ತದ್ದು. ಅವಳ ನೆತ್ತಿಯ ನಡುವೆ ರೂಪಾಯಿಯಗಲ ಕೂದಲಿರಲಿಲ್ಲ.

ಇನ್ನು ಬೋರ್ಡಿನ ಕಥೆ. ನಾನು ಸೇರುವ ಮುಂಚೆ, ಶಿರ್ವದ ಒಬ್ಬರು ಕೊಲ್ಲಿ ದೇಶದಿಂದ ಬಂದವರು ಎದೆಯ ಎಕ್ಸ್‌ರೇಗೆ ಬಂದಿದ್ದರಂತೆ. ಒಳಗಿದ್ದ ತಂತ್ರಜ್ಞ, "ಉಸಿರು ಹಿಡಿ!" ಎಂದನಂತೆ. 'ಹಿಡಿಯಿರಿ' ಎನ್ನಲಿಲ್ಲ ಎಂದು ದೊಡ್ಡ ದೂರು ಹೋಯಿತು. ಆಡಳಿತದವರು ರೋಗಿಗಳ ಜೊತೆ ಮರ್ಯಾದೆಯಿಂದ ಮಾತಾಡಬೇಕು ಎಂದರು. ದೊಡ್ಡವರು ಕೂತು ಒಂದು ವಾಕ್ಯ ರಚಿಸಿ, ಬಣ್ಣದಲ್ಲಿ ಬರೆಸಿ, ಎಕ್ಸ್‌ರೇ ಕೋಣೆಯ ಗೋಡೆಗೆ ಹೊಡೆಸಿದರು. ಎದೆಯ ಚಿತ್ರ ತೆಗೆಯುವಾಗ ತಂತ್ರಜ್ಞರು ಇದನ್ನೇ, ಪೂರ್ತಿ, ಹೇಳಬೇಕು. ಹೇಳಿ ಮುಗಿಸಿದ ಮೇಲೆಯೇ ಗುಂಡಿ ಒತ್ತಬೇಕು. ವಾಕ್ಯ ಇದು:

'ಮಾನ್ಯರೇ, ದಯವಿಟ್ಟು ಶ್ವಾಸವನ್ನು ಪೂರ್ಣವಾಗಿ ಒಳಕ್ಕೆ ಎಳೆದುಕೊಂಡು, ಚಿತ್ರವನ್ನು ತೆಗೆಯುವವರೆಗೆ ಅದನ್ನು ಹಾಗೆಯೇ ತಡೆಹಿಡಿಯತಕ್ಕದ್ದು.'

ಎಕ್ಸ್‌ರೇ ಕೋಣೆಗೂ ಕತ್ತಲೆ ಕೋಣೆಗೂ ನಡುವೆ ಕ್ಯಾಸೆಟ್ಟು ದಾಟಿಸುವ ಒಂದು ಕಿಂಡಿ ಇತ್ತು. ಉಡುಪಿಯಲ್ಲಿ ಜನ ಕಿಂಡಿಯಿಂದ ದೇವರನ್ನು ನೋಡುತ್ತಾರೆ. ನಮ್ಮಲ್ಲಿ ದೇವರೇ ಕಿಂಡಿಯ ಆಚೆ ಕೂತು ನಮ್ಮ ಮಾತು ಕೇಳುತ್ತಿದ್ದರು. ವಾಕ್ಯದಲ್ಲಿ ಒಂದು ಪದ ಬಿಟ್ಟರೆ ಅಲ್ಲಿಂದ ಧ್ವನಿ ಬರುತ್ತಿತ್ತು: "ಬಿಎಸ್ಸಿ, ಬೋರ್ಡು ಓದು."

ಓದಿದೆ. ಫಿಲ್ಮುಗಳು ಹಾಳಾದವು. ಕೈಕಾಲಿನದ್ದು ಸರಿ ಬರುತ್ತಿತ್ತು, ತಲೆಯದ್ದು ಸರಿ ಬರುತ್ತಿತ್ತು. ಎದೆಯದ್ದು ಮಾತ್ರ ಮಸುಕು. ಪಕ್ಕೆಲುಬುಗಳು ಒಂದಕ್ಕೆ ಎರಡಾಗಿ, ಅಲುಗಿದ ನೀರಿನಲ್ಲಿ ಕಂಡ ಹಾಗೆ. ಲೊಚಕ್. ಲೊಚಕ್. ಬಿಳಿ ಪೆನ್ನು ಹೊರಗೆ ಬರುತ್ತಿತ್ತು.

ಒಂದು ಮಧ್ಯಾಹ್ನ ಅವ್ವ ಆಸ್ಪತ್ರೆಗೆ ಬಂದಳು. ನಾನು ಬುತ್ತಿ ಮರೆತು ಹೋಗಿದ್ದೆ, ರೊಟ್ಟಿ ಕಟ್ಟಿಕೊಂಡು ಮಣಿಪಾಲದಿಂದ ಬಸ್ಸಿನಲ್ಲಿ ಬಂದಿದ್ದಳು. ಅದೇ ಮೊದಲು ಅವಳು ನನ್ನ ಕೆಲಸದ ಜಾಗ ನೋಡಿದ್ದು. ಅವ್ವನಿಗೆ ಓದು ಬಾರದು. ಒಂದು ಪದ ಮಾತ್ರ ಬರುತ್ತದೆ. ನನ್ನ ಅಂಕಪಟ್ಟಿಗಳ ಮೇಲೆ ಬೆರಳಿಟ್ಟು ನಾನೇ ಕಲಿಸಿದ್ದು: ರೇಣುಕಾ. ಮೂರು ಅಕ್ಷರ.

ಓಣಿಗೆ ಬಂದವಳು ಮೇಲೆ ನೋಡಿ ನಿಂತುಬಿಟ್ಟಳು. ತಂತಿಯ ತುಂಬ ಕಪ್ಪು ಫಿಲ್ಮು, ಅದರ ಮೂಲೆಯಲ್ಲಿ ಬಿಳಿಯಾಗಿ ನನ್ನ ಹೆಸರು. ಅವಳು ಬೆರಳು ತೋರಿಸಿ ಒಂದೊಂದಾಗಿ ಗುರುತಿಸಿದಳು.

"ಇದು ನಿಂದ... ಇದೂ ನಿಂದ... ಯವ್ವಾ, ಇದೂ ನಿಂದ! ಎಷ್ಟ್ ಚೆಂದ ಬರದು ತೂಗ ಹಾಕ್ಯಾರ! ಉಳದವರದ್ದು ಇಷ್ಟ್ ಇಲ್ಲಲ್ಲ ಬೇ?"

ದೊಡ್ಡವರು ಕತ್ತಲೆ ಕೋಣೆಯ ಬಾಗಿಲಲ್ಲಿ ಕೈ ಒರೆಸಿಕೊಳ್ಳುತ್ತ ನಿಂತಿದ್ದರು. ಅವ್ವ ಅವರಿಗೆ ಕೈ ಮುಗಿದಳು. ಅವರು ಒಂದು ಮಾತೂ ಹೇಳದೆ ಒಳಗೆ ಹೋಗಬಹುದಿತ್ತು. ಹೋಗಲಿಲ್ಲ. ನಗುತ್ತ, ನಿಧಾನವಾಗಿ ಹೇಳಿದರು:

"ಹೌದಮ್ಮ. ನಿಮ್ಮ ಮಗಳೇ ಇಲ್ಲಿ ಫಸ್ಟು."

ಪಕ್ಕದಲ್ಲಿದ್ದ ಇಬ್ಬರು ನಕ್ಕರು. ಅವ್ವನೂ ನಕ್ಕಳು, ಖುಷಿಯಿಂದ. ಅವತ್ತು ಸಂಜೆ ಶೆಡ್ಡಿನ ಸಾಲಿನ ಪ್ರತಿಯೊಂದು ಮನೆಗೂ ಹೋಗಿ ಹೇಳಿಬಂದಳು, ಆಸ್ಪತ್ರೆಯಾಗ ನನ್ನ ಮಗಳ ಹೆಸರು ತೋರಣ ಕಟ್ಯಾರ ಅಂತ.

ನಾನು ಅವರನ್ನು ಕ್ಷಮಿಸಬಹುದಾಗಿದ್ದ ಸಂಗತಿಗಳು ಹಲವು ಇದ್ದವು. ಇದು ಅವುಗಳಲ್ಲಿ ಇಲ್ಲ.

ಆಮೇಲಿನ ವಾರ ಕಾಪುವಿನ ಒಬ್ಬ ಅಜ್ಜಿ ಬಂದರು. ಮೀನು ಮಾರುವವರು, ಎರಡು ತಿಂಗಳಿಂದ ಕೆಮ್ಮು. ನಿಲ್ಲಿಸಿದೆ, ಎದೆಯನ್ನು ಕ್ಯಾಸೆಟ್ಟಿಗೆ ಒತ್ತಿಸಿದೆ, ಸೀಸದ ಗೋಡೆಯ ಹಿಂದೆ ಹೋಗಿ ಬೋರ್ಡು ಓದಿದೆ, '...ತಡೆಹಿಡಿಯತಕ್ಕದ್ದು' ಎಂದೆ, ಗುಂಡಿ ಒತ್ತಿದೆ. ಸರಿಯಾಗಿ ಆ ಕ್ಷಣಕ್ಕೆ ಅಜ್ಜಿ ಹೇಳಿದರು:

"ಆವು."

ತುಳುವಿನ 'ಆವು' ಅಂದರೆ 'ಆಯಿತು' ಎಂದು. ಫಿಲ್ಮು ಮಸುಕು. ಎರಡನೆಯ ಸಲ ಮತ್ತೆ ವಾಕ್ಯ, ಮತ್ತೆ "ಆವು ಮಗಾ." ಅದೂ ಹೋಯಿತು.

"ಅಜ್ಜಿ, ಮಾತಾಡಬಾರದು, ಉಸಿರು ಹೊರಗೆ ಹೋಗ್ತದೆ" ಎಂದೆ.

ಅಜ್ಜಿಗೆ ಬೇಸರವಾಯಿತು. "ನೀನು ಇಷ್ಟು ಉದ್ದಕ್ಕೆ, ಇಷ್ಟು ಮರ್ಯಾದೆಯಲ್ಲಿ ಹೇಳುವಾಗ ನಾನು ಆವು ಅನ್ನದೆ ಇರುವುದು ಹೇಗೆ ಮಗಾ? ಕಲ್ಲಿನ ಹಾಗೆ ನಿಲ್ಲಲಿಕ್ಕೆ ನಾನೆಂತ ಮರ್ಯಾದೆ ಇಲ್ಲದವಳಾ?"

ಅಲ್ಲಿಗೆ ನನಗೆ ಎಲ್ಲವೂ ತಿಳಿಯಿತು. ನಮ್ಮಲ್ಲಿಗೆ ಬರುವ ಹೆಚ್ಚಿನವರಿಗೆ ಕನ್ನಡ ಶಾಲೆಯ, ಕಚೇರಿಯ ಭಾಷೆ. ಅದರಲ್ಲಿ ಯಾರಾದರೂ 'ಮಾನ್ಯರೇ' ಎಂದು ಶುರುಮಾಡಿ 'ತಕ್ಕದ್ದು' ಎಂದು ಮುಗಿಸಿದರೆ ಎದುರಿನವರು ಉತ್ತರ ಕೊಡಲೇಬೇಕು. ತುಳುವಿನವರು 'ಆವು' ಎನ್ನುತ್ತಿದ್ದರು. ಬ್ಯಾರಿಗಳು, ಕೊಂಕಣಿಯವರು ಅವರವರ ಮಾತಿನಲ್ಲಿ ಅದನ್ನೇ ಎನ್ನುತ್ತಿದ್ದರು. ನಮ್ಮ ಕಡೆಯವರು 'ಹೂನ್ರಿ' ಎನ್ನುತ್ತಿದ್ದರು. ಉತ್ತರ ಕೊಡದಷ್ಟು ಶಿಸ್ತಿನವರು ಇದ್ದರೂ ಕಷ್ಟವೇ. 'ಎಳೆದುಕೊಂಡು' ಎಂಬಲ್ಲಿ ಎಳೆದ ಉಸಿರು 'ತಡೆಹಿಡಿಯತಕ್ಕದ್ದು' ಬರುವಷ್ಟರಲ್ಲಿ ಮುಗಿದಿರುತ್ತಿತ್ತು. ಏನು ಮಾಡಬೇಕು ಎಂಬುದು ವಾಕ್ಯದ ಬಾಲದಲ್ಲಿತ್ತು. ಬಾಲ ಬರುವ ತನಕ ಕೆಮ್ಮಿನವರು ಕಾಯುವುದುಂಟಾ?

ಆದರೆ ದೊಡ್ಡವರ ಫಿಲ್ಮು ಯಾಕೆ ಹಾಳಾಗುತ್ತಿರಲಿಲ್ಲ? ಉತ್ತರ ಮರುದಿನ ಸಿಕ್ಕಿತು. ನಾನು ಕತ್ತಲೆಯಲ್ಲಿ ಕ್ಯಾಸೆಟ್ಟು ತುಂಬುತ್ತಿದ್ದೆ. ಕಿಂಡಿಯ ಆಚೆ ಅವರೇ ಒಬ್ಬ ರೋಗಿಯನ್ನು ನಿಲ್ಲಿಸಿಕೊಂಡಿದ್ದರು. ನಾನು ಈ ಕಡೆ ಇರುವುದು ಅವರಿಗೆ ಗೊತ್ತಿರಲಿಲ್ಲ.

"ಉಸುಲು ದೆತೊನ್ಲೆ. ಪತ್ತೊನ್ಲೆ." ಟಕ್.

ಅಷ್ಟೇ. ಉಸಿರು ತೆಗೆದುಕೊಳ್ಳಿ. ಹಿಡಿದುಕೊಳ್ಳಿ. ತುಳುವಿನಲ್ಲಿ ಮರ್ಯಾದೆಯೂ ಇತ್ತು, 'ಆವು' ಎನ್ನಲು ಸಮಯವೂ ಇರಲಿಲ್ಲ. ಬೋರ್ಡು ನಮಗೆ. ಅವರಿಗೆ ಎರಡು ಮಾತು. ಕತ್ತಲೆ ಕೋಣೆಯಲ್ಲಿ ಫಿಲ್ಮಿಗೆ ತಾಗದ ಕೆಂಪು ದೀಪದ ಅಡಿಯಲ್ಲಿ, ಕೈಯಲ್ಲಿ ಫಿಲ್ಮು ಹಿಡಿದುಕೊಂಡು ನಾನು ನಿಂತೇ ಇದ್ದೆ. ಗೊತ್ತಿಲ್ಲದೆ ಮಾಡಿದ್ದಾದರೆ ಮನುಷ್ಯ ಮೂರ್ಖ ಎಂದು ಬಿಡಬಹುದಿತ್ತು. ಗೊತ್ತಿತ್ತು.

ತಿಂಗಳ ಕೊನೆಯ ಸಭೆಗೆ ನಾನು ತೋರಣವನ್ನೇ ಇಳಿಸಿಕೊಂಡು ಹೋದೆ. ಎಲ್ಲರ ಫಿಲ್ಮುಗಳನ್ನೂ ಆಡಳಿತಾಧಿಕಾರಿಯ ಮೇಜಿನ ಮೇಲೆ ಹರಡಿದೆ. ಹೆಸರಿನ ಪ್ರಕಾರ ಅಲ್ಲ, ಹಾಳಾದ ಕಾರಣದ ಪ್ರಕಾರ. ಬೆಳಕು ಹೊಕ್ಕದ್ದು ಇಷ್ಟು, ಕಿರಣದ ಅಳತೆ ತಪ್ಪಿದ್ದು ಇಷ್ಟು, ಎರಡೂ ಸಣ್ಣ ಸಣ್ಣ ರಾಶಿ. ಮೂರನೆಯದು ಎದೆಯ ರಾಶಿ, ಉಳಿದ ಎರಡನ್ನೂ ಮುಚ್ಚುವಷ್ಟು ದೊಡ್ಡದು. "ಇದು ನಮ್ಮ ಕೈಯ ತಪ್ಪಲ್ಲ ಸಾರ್, ವಾಕ್ಯದ್ದು" ಎಂದೆ. ಕಾಪುವಿನ ಅಜ್ಜಿಯ ಮಾತು ಹೇಳಿದೆ. "ಎರಡು ಮಾತಿನಲ್ಲಿ, ಅವರವರ ಭಾಷೆಯಲ್ಲಿ ಹೇಳಿದರೆ ಈ ರಾಶಿ ಇರುವುದಿಲ್ಲ."

ದೊಡ್ಡವರು ಒಂದು ಫಿಲ್ಮು ಎತ್ತಿ ಕಿಟಕಿಗೆ ಹಿಡಿದರು. ಲೊಚಕ್, ಲೊಚಕ್.

"ಫಿಲ್ಮು ಹಾಳು ಮಾಡಿದ್ದು ಬಿಎಸ್ಸಿ. ತಪ್ಪು ಮಾತ್ರ ಕನ್ನಡದ್ದಂತೆ" ಎಂದರು. ಸಭೆ ನಕ್ಕಿತು. ನಗು ತಣಿಯುವ ತನಕ ಕಾದು, ಮೆಲ್ಲಗೆ ಸೇರಿಸಿದರು: "ಜಲ್ಲಿ ಹೊರುವ ಮನೆಯಿಂದ ಬಂದವರಿಗೆ ನಯದ ಮಾತು ಭಾರವೇ ಆಗ್ತದೆ, ಪಾಪ."

ನನ್ನ ಪ್ರೊಬೇಶನ್ ಆರು ತಿಂಗಳು ಮುಂದಕ್ಕೆ ಹೋಯಿತು. ಮನೆಗೆ ಬಂದು ಅವ್ವನಿಗೆ ಹೇಳಿದೆ, ಕಾಯಂ ಆಗಲು ಇನ್ನೂ ಸ್ವಲ್ಪ ದಿನ ಉಂಟು ಎಂದು. "ಆತು ಬಿಡ, ಆರ್ ತಿಂಗಳ ಏನ್ ಮಹಾ" ಎಂದಳು. ಆ ಆರು ತಿಂಗಳು ಬುಟ್ಟಿ ಹೊತ್ತದ್ದು ನಾನಲ್ಲ, ಅವಳು. ಅದರಲ್ಲಿ ಎರಡು ತಿಂಗಳು ಮಳೆ.

ಅದೇ ಮಳೆಗಾಲದಲ್ಲಿ ಬೋರ್ಡು ಸದ್ದಿಲ್ಲದೆ ಇಳಿಯಿತು. ಅದರ ಜಾಗದಲ್ಲಿ ಹೊಸದೊಂದು ಬಂತು. ಸಣ್ಣದು, ಕನ್ನಡ, ತುಳು, ಕೊಂಕಣಿ, ಬ್ಯಾರಿ, ನಾಲ್ಕರಲ್ಲೂ ಎರಡೆರಡೇ ಮಾತು. ಬ್ಯಾರಿಯದ್ದನ್ನು ದೊಡ್ಡವರೇ ಆಯಾ ಮೈಮುನಕ್ಕನ ಹತ್ತಿರ ಕೇಳಿ ಬರೆದುಕೊಂಡರಂತೆ. "ನೀನು ಹೇಳಿದ್ದನ್ನೇ ಅವರು ಅವರದ್ದು ಮಾಡಿಕೊಂಡರಲ್ಲ ಮಾರಾಯ್ತಿ!" ಎಂದು ಮೈಮುನಕ್ಕ ನನಗಿಂತ ಹೆಚ್ಚು ಸಿಟ್ಟಾದಳು. ತೋರಣ ತೆಳುವಾಯಿತು. ಎದೆಯ ಫಿಲ್ಮು ಅದರಲ್ಲಿ ಕಾಣುವುದೇ ಅಪರೂಪವಾಯಿತು. ಆಸ್ಪತ್ರೆಯ ವಾರ್ಷಿಕ ದಿನದಂದು, ಫಿಲ್ಮು ಪೋಲಾಗುವುದನ್ನು ತಡೆದದ್ದಕ್ಕೆ ದೊಡ್ಡವರಿಗೆ ಶಾಲು, ಹಾರ, ಹಣ್ಣಿನ ಬುಟ್ಟಿ. ಶಾಲಿನ ಹರಿವಾಣ ಹಿಡಿಯಲು ಸೀರೆ ಉಟ್ಟ ಹುಡುಗಿಯೊಬ್ಬಳು ಬೇಕಿತ್ತು. ನನ್ನನ್ನೇ ಕರೆದರು.

ಹಿಡಿದೆ. ಅವರ ಪಕ್ಕದಲ್ಲಿ ಎರಡಡಿ ದೂರ ನಿಂತಿದ್ದೆ. ಅವರು ಮೈಕಿನಲ್ಲಿ ಹೇಳಿದರು: "ರೋಗಿಯ ಭಾಷೆಯೇ ನಮ್ಮ ಉಳಿತಾಯ ಎಂಬುದು ಒಂದು ದಿನ ನನಗೆ ಹೊಳೆಯಿತು." ಹೊಳೆಯಿತಂತೆ. ಖಾಲಿ ಹರಿವಾಣ ಹಿಡಿದುಕೊಂಡು ವೇದಿಕೆ ಇಳಿಯುವಾಗ ನಾನು ಒಂದು ತೀರ್ಮಾನ ಮಾಡಿದೆ. ಆ ಹಳೆಯ ವಾಕ್ಯವನ್ನು ಮರೆಯಬಾರದು. ದಿನಕ್ಕೊಮ್ಮೆ, ಬಸ್ಸಿನಲ್ಲಿ, ಮನಸ್ಸಿನಲ್ಲೇ, ಪೂರ್ತಿ ಹೇಳಿಕೊಳ್ಳುತ್ತಿದ್ದೆ. ಮಾನ್ಯರೇ, ದಯವಿಟ್ಟು. ಕೆಲವರು ದೇವರ ನಾಮ ಹೇಳಿಕೊಳ್ಳುತ್ತಾರೆ.

ನಾನು ಕಾಯಂ ಆದೆ. ಅವ್ವ ಬುಟ್ಟಿ ಇಳಿಸಿದಳು, ಇಳಿಸಿ ಅದನ್ನು ಬಿಸಾಡದೆ ಈರುಳ್ಳಿ ಹಾಕಿಟ್ಟಳು. ವರ್ಷಗಳು ಹೋದವು. ದೊಡ್ಡವರಿಗೆ ನಿವೃತ್ತಿಯಾಯಿತು. ಕತ್ತಲೆ ಕೋಣೆಯ ಬೀಗದ ಕೈ ನನ್ನ ಕೈಗೆ ಬಂತು. ಕೊಡುವಾಗ, "ನೀನು ಕೆಲಸ ಕಲಿತದ್ದು ನನ್ನ ತೋರಣದಿಂದ, ನೆನಪಿರಲಿ" ಎಂದರು. "ನೆನಪು ಉಂಟು ಸಾರ್" ಎಂದೆ.

ಅವರು ಗೇಟು ದಾಟಿದ ಮೇಲೆ ನಾನು ಮಾಡಿದ ಮೊದಲ ಕೆಲಸ, ತಂತಿ ಬಿಚ್ಚಿದ್ದು. ಬದಲಿಗೆ ಒಂದು ಉದ್ದ ಪುಸ್ತಕ ಇಟ್ಟೆ. ಹಾಳಾದ ಪ್ರತಿ ಫಿಲ್ಮಿಗೂ ಅದರಲ್ಲಿ ಒಂದು ಸಾಲು: ದಿನ, ದೇಹದ ಭಾಗ, ಕಾರಣ. ಹೆಸರಿಗೆ ಜಾಗವೇ ಇಲ್ಲ. ಹೆಸರು ಬರೆದರೆ ಜನ ಹಾಳಾದದ್ದನ್ನು ಚೀಲದಲ್ಲಿ ಬಚ್ಚಿಟ್ಟು ಮನೆಗೆ ಒಯ್ಯುತ್ತಾರೆ. ಕಾರಣ ಬರೆದರೆ ಕಾರಣ ಹೋಗುತ್ತದೆ. ನಮ್ಮಲ್ಲಿ ಪೋಲಾಗುವುದು ನಿಜವಾಗಿ ಕಡಿಮೆಯಾದದ್ದು ಆಗ. ಅದಕ್ಕೆ ಯಾರೂ ಶಾಲು ಹೊದಿಸಲಿಲ್ಲ. ಬೇಕಾಗಿಯೂ ಇರಲಿಲ್ಲ.

ಕಂಪ್ಯೂಟರಿನ ಯಂತ್ರ ಬರುವುದಕ್ಕೆ ಇನ್ನೂ ಒಂದು ವರ್ಷ ಇರುವಾಗ ಅವರು ಬಂದರು. ಕಾರ್ಕಳದಿಂದ, ಮಗಳ ಜೊತೆ, ಗಾಲಿ ಕುರ್ಚಿಯಲ್ಲಿ. ಅದೇ ಬಿಳಿ ತುಂಬುತೋಳು, ಕಲೆಯಿಲ್ಲದ್ದು.  ಅಂಗಿಯೊಳಗೆ ಮನುಷ್ಯ ಅರ್ಧ ಆಗಿದ್ದರು. ಮಾತಿಗೊಂದು ಏದುಸಿರು. ಚೀಟಿಯಲ್ಲಿ: ಎದೆಯ ಎಕ್ಸ್‌ರೇ.

"ಒಂದೇ ಫಿಲ್ಮಿನಲ್ಲಿ ಮುಗಿಸು... ಬಿಎಸ್ಸಿ" ಎಂದರು.

ಮಗಳನ್ನು ಹೊರಗೆ ಕೂರಿಸಿದೆ. ಅವರನ್ನು ಎಬ್ಬಿಸಿ ನಿಲ್ಲಿಸಿದೆ. ಗಲ್ಲ ಎತ್ತಿಸಿದೆ, ಕೈ ಸೊಂಟದ ಮೇಲೆ ಇಡಿಸಿದೆ, ಭುಜವನ್ನು ಮುಂದಕ್ಕೆ ಒತ್ತಿದೆ. ಭುಜದ ಎಲುಬು ಅಂಗೈಗೆ ಚುಚ್ಚಿತು. ಸೀಸದ ಗೋಡೆಯ ಹಿಂದೆ ಹೋದೆ. ಗೋಡೆಯಲ್ಲಿ ನಾಲ್ಕು ಭಾಷೆಯ ಸಣ್ಣ ಬೋರ್ಡು ಇತ್ತು. ನಾನು ಅದನ್ನು ನೋಡಲಿಲ್ಲ.

"ಮಾನ್ಯರೇ," ಎಂದೆ. ಅವರ ಬೆನ್ನು ಒಂದು ಸಲ ನೆಟ್ಟಗಾಯಿತು. "ದಯವಿಟ್ಟು ಶ್ವಾಸವನ್ನು ಪೂರ್ಣವಾಗಿ ಒಳಕ್ಕೆ ಎಳೆದುಕೊಂಡು, ಚಿತ್ರವನ್ನು ತೆಗೆಯುವವರೆಗೆ ಅದನ್ನು ಹಾಗೆಯೇ ತಡೆಹಿಡಿಯತಕ್ಕದ್ದು."

"ಆವು" ಎಂದರು ದೊಡ್ಡವರು.

ಗುಂಡಿ ಒತ್ತಿದೆ.

ಅದು ತಪ್ಪು. ತಿಳಿದೇ ಮಾಡಿದ್ದು. ಕಾಯಿಲೆಯ ಮನುಷ್ಯನ ಮೈಗೆ ಬೇಡದ ಒಂದು ಕಿರಣ, ಒಂದು ಫಿಲ್ಮು ಬೆಳ್ಳಿ. ಇಷ್ಟು ವರ್ಷದ ಕೆಲಸದಲ್ಲಿ ನನ್ನ ಕೈಯಿಂದ ಬೇಕೆಂದೇ ಹಾಳಾದ ಫಿಲ್ಮು ಅದೊಂದೇ. ಪಶ್ಚಾತ್ತಾಪ ಉಂಟಾ ಎಂದು ಯಾರಾದರೂ ಕೇಳಿದರೆ, ಇಲ್ಲ.

ಕೆಂಪು ದೀಪದ ಅಡಿಯಲ್ಲಿ ಚಿತ್ರ ನಿಧಾನಕ್ಕೆ ಎದ್ದು ಬಂತು. ಪಕ್ಕೆಲುಬುಗಳು ಒಂದಕ್ಕೆ ಎರಡು. ಒದ್ದೆ ಫಿಲ್ಮನ್ನು ಅವರ ಎದುರಿಗೆ ತಂದು ಟ್ಯೂಬ್‌ಲೈಟಿಗೆ ಹಿಡಿದೆ. ಲೊಚಕ್. ಕಾಯಿಸಿದೆ. ಅವರು ನನ್ನ ಬಾಯಿಯನ್ನೇ ನೋಡುತ್ತಿದ್ದರು. ಆ ಅರೆಕ್ಷಣ ಅವರ ಹೊಟ್ಟೆಯಲ್ಲೂ ಇರಲಿ ಎಂದು ಸ್ವಲ್ಪ ಹೆಚ್ಚೇ ಕಾಯಿಸಿದೆ.

ಲೊಚಕ್.

"ನಾನು... ಎಂತ ಹೇಳಿದೆ?" ಎಂದು ಕೇಳಿದರು.

"ಆವು ಅಂದಿರಿ."

ಗೋಡೆ ಹಿಡಿದುಕೊಂಡು ಉಸಿರು ಹುಡುಕಿದರು. "ಆ ಬೋರ್ಡು ತೆಗೆದು... ಎಷ್ಟು ವರ್ಷ ಆಯ್ತು."

"ನನಗೆ ಬಾಯಿಪಾಠ ಉಂಟು ಸಾರ್."

ಆಮೇಲೆ ನಾನು ಹೊಸ ಕ್ಯಾಸೆಟ್ಟು ತಂದೆ. ಮತ್ತೆ ಗಲ್ಲ, ಮತ್ತೆ ಭುಜ. "ಉಸುಲು ದೆತೊನ್ಲೆ. ಪತ್ತೊನ್ಲೆ." ಟಕ್. ಒಳ್ಳೆಯ ಫಿಲ್ಮು ಬಂತು. ಅದರಲ್ಲಿ ಕಂಡದ್ದು ಒಳ್ಳೆಯದಿರಲಿಲ್ಲ, ಅದು ಡಾಕ್ಟರರ ಮಾತು. ಬಾಗಿಲು ತೆರೆದಾಗ ಮಗಳು ಎದ್ದು ಬಂದು, "ಯಾಕೆ ಇಷ್ಟು ಹೊತ್ತಾಯ್ತು? ಎರಡು ಸಲ ತೆಗೆದ್ರಾ?" ಎಂದು ಕೇಳಿದಳು. ನಾನು ಬಾಯಿ ತೆರೆಯುವ ಮೊದಲೇ ದೊಡ್ಡವರು ಹೇಳಿದರು: "ನಾನು ಮಾತಾಡಿದೆ. ನನ್ನದೇ ತಪ್ಪು."

ಕುರ್ಚಿ ತಿರುಗಿಸುವಾಗ ಅವರ ಕಣ್ಣು ಓಣಿಯ ಮೇಲಕ್ಕೆ ಹೋಯಿತು. ಅಲ್ಲಿ ತಂತಿ ಇರಲಿಲ್ಲ, ಎರಡು ಮೊಳೆ ಮಾತ್ರ ಇದ್ದವು. ನನ್ನಿಂದ ಒಂದು ಮಾತು ಬರುತ್ತದೆಂದು ಕಾದರೇನೋ. ನಾನೂ ಅವರಿಂದ ಒಂದು ಮಾತಿಗೆ ಕಾದೆ. ನನಗಲ್ಲ, ಅವ್ವನಿಗೆ ಸಲ್ಲಬೇಕಾದ ಮಾತು. ಎರಡೂ ಬರಲಿಲ್ಲ. ಅದೇ ಕೊನೆ.

ಅವತ್ತಿನ ಹಾಳಾದ ಫಿಲ್ಮು ನನ್ನ ಹತ್ತಿರವೇ ಉಂಟು, ಅವರೇ ಮಡಚಲು ಕಲಿಸಿದ ಹಳದಿ ಲಕೋಟೆಯಲ್ಲಿ. ಅವರ ಪದ್ಧತಿಯ ಪ್ರಕಾರ ಅದರ ಮೂಲೆಯಲ್ಲಿ ಒಂದು ಹೆಸರು ಬರೆಯಬೇಕಿತ್ತು, ಹಾಳು ಮಾಡಿದವರದ್ದು. ಅವರದ್ದೋ ನನ್ನದೋ ಎಂದು ಯೋಚಿಸಲಿಲ್ಲ. ನಾನು ನನ್ನ ಪದ್ಧತಿಯಂತೆ ಪುಸ್ತಕ ತೆರೆದು ಒಂದು ಸಾಲು ಬರೆದೆ. ದಿನ ಬರೆದೆ. ಭಾಗ: ಎದೆ. ಕಾರಣದ ಜಾಗದಲ್ಲಿ ಒಂದೇ ಪದ, ಅವರ ಅಕ್ಷರದ ಹಾಗೆಯೇ ದುಂಡಗೆ:

ತಡೆಹಿಡಿಯತಕ್ಕದ್ದು.